ನೀರು ತುಂಬಿದ ಹಳದಿ ದೀಪ

"ಅಕ್ಕಾರ, ಮನಷ್ಯಾನ್ನ ಕೊಂದು ಬಂದು ಉಂಡು ಮಲಗೋ ಪೈಕಿ ಅಲ್ರಿ ನನ್ನ ಗಂಡ!" ಎನ್ನುತ್ತ ಫಕೀರವ್ವ ಬಾಗಿಲಲ್ಲೇ ಕುಸಿದಳು.

ಪಣಜಿಯ ಪತ್ತೇದಾರಿ ಅಂಬಿಕಾ ಅವಳನ್ನು ಎಬ್ಬಿಸಿ ಕೂಡಿಸಿದಳು. ಅಂಬಿಕಾಳ ಜತೆಗಾತಿ ನೀಲಾ ಚಹಾ ತಂದಳು. ಗಂಡಂದಿರ ಪರವಾಗಿ ಹೆಂಡಂದಿರು ಹೇಳುವ ಇಂಥ ಮಾತುಗಳನ್ನು ಬಹಳ ಕೇಳಿದ್ದ ನೀಲಾಳಿಗೆ ಅವಳ ಮೇಲೆ ಅಷ್ಟೇನೂ ನಂಬಿಕೆ ಹುಟ್ಟಲಿಲ್ಲ.

ಫಕೀರವ್ವನ ಗಂಡ ಹುಲಿಗೆಪ್ಪನಿಗೆ ಕೆಪೆ ಎಂಬ ಊರಲ್ಲಿ ಸಣ್ಣ ಗ್ಯಾರೇಜು. ಕಂತ್ರಾಟುದಾರ ನಾನಪ್ಪನ ಪುಟ್ಟ ಹಳೆಯ ಫಿಯೆಟ್ಟಿನ ಬಂಪರ್ ಮೇಲೆ, ನಾನಪ್ಪನೇ ತಂದುಕೊಟ್ಟ ಹಳೇ ಕಾಲದ ಎರಡು ಹಳದಿ ದೀಪಗಳನ್ನು ಕೂಡಿಸಿದ್ದ. ಮರುದಿನ ಬೆಳಿಗ್ಗೆ, ಸಮುದ್ರದಂಡೆಯಲ್ಲಿ ಕನ್ನಡಿ ಕಸೂತಿಯ ಚೀಲ ಮಾರುವ ಮೋತಿಲಾಲ ರಸ್ತೆ ಬದಿ ಹೆಣವಾಗಿ ಬಿದ್ದಿದ್ದ. ಪಕ್ಕದಲ್ಲಿ ಹಳದಿ ಗಾಜಿನ ಚೂರು, ಮುಷ್ಟಿಯಲ್ಲೊಂದು ನಟ್ಟು. ಅಂಥ ದೀಪದ ಕಾರು ಊರಲ್ಲಿ ಅದೊಂದೇ. ಅದು ಗ್ಯಾರೇಜಿನ ಅಂಗಳದಲ್ಲೇ ನಿಂತಿತ್ತು, ಎರಡೂ ದೀಪ ನೆಟ್ಟಗಿದ್ದವು. ಹುಲಿಗೆಪ್ಪನೇ ಡಿಕ್ಕಿ ಹೊಡೆದು, ಒಡೆದ ದೀಪ ಬದಲಿಸಿದ್ದಾನೆಂದು ಪೊಲೀಸರು ಹಿಡಿದೊಯ್ದರು.

"ಸಂಜಿಕ ನಾನಪ್ಪ ಸಾಹೇಬ್ರು ಒಂದ ಸುತ್ತ ಹೊಡಕೊಂಡ ಬರತೇನಂತ ಒಯ್ದರ್ರಿ. ನಾವು ಮಲಗಿದ ಮ್ಯಾಲೆ ತಂದು ನಿಲ್ಲಿಸ್ಯಾರ. ಈಗ ಒಯ್ದೇ ಇಲ್ಲಂತಾರ," ಎಂದಳು ಫಕೀರವ್ವ.

ಅವರು ಕೆಪೆಗೆ ಹೋದಾಗ ಹಿಂದಿನ ರಾತ್ರಿಯ ಮಳೆ ಆಗಷ್ಟೇ ನಿಂತಿತ್ತು. ಅಂಬಿಕಾ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಬಲಗಡೆಯ ದೀಪದೊಳಗೆ ಒಣ. ಎಡಗಡೆಯದರ ಗಾಜಿನ ಹಿಂದೆ ನೀರು ನಿಂತಿತ್ತು. ಠಾಣೆಗೆ ಹೋಗಿ ಹುಲಿಗೆಪ್ಪನಿಗೆ ಅದನ್ನು ಹೇಳಿದರೆ, ಬೇಡಿ ಮರೆತು ಸಿಟ್ಟಿಗೆದ್ದ.

"ನೀರ್ಯಾಕ ನಿಲ್ಲತೈತ್ರಿ? ದೀಪದ ಬಟ್ಟಲಕ್ಕ ನೀರು ಇಳಿಯಾಕ ತೂತ ಇರತೈತಿ, ಅದನ್ನ ಕೆಳಗ ಮಾಡಿ ಕೂಡಸಬೇಕು. ನಾ ಎರಡೂ ಹಂಗ ಕೂಡಿಸೇನಿ!"

ಪೊಲೀಸರ ಬಳಿಯಿದ್ದ ನಟ್ಟನ್ನು ಅಂಬಿಕಾ ಅದೇ ಅಳತೆಯ ಬೋಲ್ಟಿಗೆ ತಿರುಗಿಸಿ ನೋಡಿದಳು. ಬೆಣ್ಣೆಯಂತೆ ಇಳಿಯಿತು. ಆಮೇಲೆ ಪಣಜಿಗೆ ಮರಳಿ, ನಾನಪ್ಪನಿಗೆ ಆ ದೀಪ ಮಾರಿದ್ದ ಹಳೇ ಸಾಮಾನಿನಂಗಡಿಯ ಪಾಂಡುವಿಗೆ ಒಂದೇ ಪ್ರಶ್ನೆ ಕೇಳಿದಳು: ನಾನಪ್ಪ ಎಷ್ಟು ದೀಪ ಕೊಂಡ? ಅವನು ಮೂರು ಎಂದ.

ಮರುದಿನ ಎಲ್ಲರೂ ಗ್ಯಾರೇಜಿನ ಅಂಗಳದಲ್ಲಿ ಸೇರಿದರು. ಇನ್‌ಸ್ಪೆಕ್ಟರು, ಬೇಡಿ ಹಾಕಿಸಿಕೊಂಡ ಹುಲಿಗೆಪ್ಪ, ಪಾಂಡು, ಕೈಗಡಿಯಾರ ನೋಡಿಕೊಳ್ಳುತ್ತಿದ್ದ ನಾನಪ್ಪ. ಮೋತಿಲಾಲನ ಹೆಂಡತಿ ಫೂಲಿಬಾಯಿ ಗೋಡೆಗೆ ಆತು ಕೂತಿದ್ದಳು.

"ಎಡಗಡೆ ದೀಪ ತಲೆಕೆಳಗಾಗೇತಿ," ಅಂಬಿಕಾ ಆರಂಭಿಸಿದಳು. "ತೂತು ಮ್ಯಾಲೆ, ಅದಕ್ಕ ಮಳಿನೀರು ಒಳಗ ನಿಂತೈತಿ. ಈ ಕೆಲಸಾ ಬಲ್ಲವ ಕತ್ತಲದಾಗ ಸೈತ ಹಂಗ ಕೂಡಸೂದಿಲ್ಲ. ಅಂದ್ರ ಬದಲಿಸಿದವ ಹುಲಿಗೆಪ್ಪ ಅಲ್ಲ."

"ನಾ ಕೊಟ್ಟದ್ದು ಎರಡ ದೀಪ. ಬದಲೀದು ಎಲ್ಲಿಂದ ಬಂತಂತ ಅವನ್ನ ಕೇಳ್ರಿ," ಎಂದ ನಾನಪ್ಪ.

"ಮೂರು ಒಯ್ದ್ರಲ್ಲಾ ಸಾಹೇಬ್ರ," ಪಾಂಡು ಮೆಲ್ಲಗೆ ಹೇಳಿದ. "ಒಂದು ಒಡದ್ರ ಇರಲಿ ಅಂತ ನೀವ ಅಂದ್ರಿ."

ಕುಂಬಳಕಾಯಿ ಕಳ್ಳನ ಹಾಗೆ ನಾನಪ್ಪನ ಕೈ ಕಾರಿನ ಕೀಲಿಯಿದ್ದ ಜೇಬಿಗೆ ಹೋಯಿತು. ನೀಲಾಳಿಗೆ ತನ್ನ ಅನುಮಾನದ ಬಗ್ಗೆ ನಾಚಿಕೆಯಾಯಿತು.

ಅಂಬಿಕಾ ನಟ್ಟನ್ನು ಎತ್ತಿ ತೋರಿಸಿದಳು. "ಡಿಕ್ಕಿಗೆ ಕಿತ್ತುಬಂದಿದ್ರ ಇದರ ಥ್ರೆಡ್ ಹರದು ಹೋಗತಿತ್ತು. ಇದು ಪಾನಾ ಹಾಕಿ ಬಿಚ್ಚಿದ್ದು, ಅದೂ ರಸ್ತೆದಾಗ. ಒಡದ ದೀಪ ನೋಡಿದವರು ಗುರುತ ಹಿಡೀತಾರಂತ ನಾನಪ್ಪ ಅಲ್ಲೇ ಬದಲಿಸ್ಯಾರ. ಕೈಜಾರಿ ಬಿದ್ದ ನಟ್ಟು ಮೋತಿಲಾಲನ ಮುಷ್ಟಿಯೊಳಗ ಹೋಗೇತಿ. ಸತ್ತವ ಮುಷ್ಟಿ ಹಿಡೀತಾನೇನ್ರಿ? ದೀಪ ಬದಲಿಸೂಮುಂದ ಅವನ ಜೀವ ಇನ್ನೂ ಇತ್ತು."

ಅವನು ಬಿದ್ದಿದ್ದ ಜಾಗದಿಂದ ಆಸ್ಪತ್ರೆ ಕೂಗಳತೆಯಲ್ಲಿತ್ತು ಎಂಬುದು ಎಲ್ಲರಿಗೂ ಗೊತ್ತಿತ್ತು. ಇನ್‌ಸ್ಪೆಕ್ಟರು ಹುಲಿಗೆಪ್ಪನ ಬೇಡಿ ಬಿಚ್ಚಿ ನಾನಪ್ಪನಿಗೆ ತೊಡಿಸಿದರು. ಫಕೀರವ್ವ ಗಂಡನ ಅಂಗಿ ಹಿಡಿದುಕೊಂಡು ಗೊಳೋ ಎಂದು ಅತ್ತಳು.

ಫೂಲಿಬಾಯಿ ಎದ್ದು ನಾನಪ್ಪನ ಮುಂದೆ ಬಂದಳು. "ಅವಾ ಏನರ ಅಂದನೇನ್ರಿ?"

ನಾನಪ್ಪ ನೆಲ ನೋಡಿದ. "ಮನಿಗೆ ಫೋನ್ ಹಚ್ರಿ ಅಂದ. ನಂಬರ ಹೇಳಿದ."

"ಪೂರಾ ಹೇಳಿದನ?"

"ಎರಡ ಸಲ ಹೇಳಿದ."

"ಆವತ್ತ ರಾತ್ರಿ ಪೂರಾ ಫೋನ್ ಕೈಯಾಗ ಹಿಡಕೊಂಡ ಕುಂತಿದ್ನಿರಿ," ಎಂದಳು ಫೂಲಿಬಾಯಿ.