ವೈಶಾಖದ ಕೌದಿ

ಡಾಕ್ಟರ್ ಪ್ರಭುವಿನ ಫೋನು ಬಂದಾಗ ನಾನು ತುಳಸೀಬಾಯಿಯವರ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದೆ. ಇಳಕಲ್ಲಿನ ಹೈಸ್ಕೂಲಿನಲ್ಲಿ ಅವರು ವಿಜ್ಞಾನ, ನಾನು ಚಿತ್ರಕಲೆ ಕಲಿಸಿ ನಿವೃತ್ತರಾದವರು. ಊರಿನಲ್ಲಿ ಯಾರಿಗೂ ಬಗೆಹರಿಯದ್ದೇನಾದರೂ ನಡೆದರೆ ಜನ ಅವರ ಮನೆಯ ಕಡೆ ನೋಡುತ್ತಿದ್ದರು. ಅವರು ನನ್ನ ಸ್ಕೂಟರಿನ ಕಡೆ ನೋಡುತ್ತಿದ್ದರು. ಅದು ೨೦೦೭ರ ಮೇ ತಿಂಗಳು. ಬೆಳಿಗ್ಗೆಯೇ ಬಿಸಿಲು ಸುಡುತ್ತಿತ್ತು.

ಬಾಗಲಕೋಟೆಯಲ್ಲಿ ಹೃದಯದ ಡಾಕ್ಟರಾಗಿದ್ದ ಪ್ರಭು ತುಳಸೀಬಾಯಿಯವರ ಹಳೆಯ ವಿದ್ಯಾರ್ಥಿ. ಸ್ಪೀಕರಿನಲ್ಲಿ ಅವನ ದನಿ ನನಗೂ ಕೇಳಿಸುತ್ತಿತ್ತು.

"ಅಕ್ಕೋರ, ನಿಮ್ಮ ಓಣಿ ನೇಕಾರ ಶಿವಸಂಗಪ್ಪ ಗೊತ್ತಲ್ರಿ? ಹಾರ್ಟ್ ಅಟ್ಯಾಕ್ ಆದ ಮ್ಯಾಲ ಅವನ ಎದಿಗೆ ಮೊದಲಿನ ಅರ್ಧ ಶಕ್ತೀನೂ ಇಲ್ಲ. ಅವನ ಸೊಂಟದ ಎಲುವಿನಿಂದ ಮಜ್ಜಿ ತಗದು ಬೆಂಗಳೂರಿಗೆ ಕಳಿಸಿದ್ದೆ. ಅದರಾಗಿನ ಜೀವಕೋಶ ಬ್ಯಾರೆ ಮಾಡಿ ಕಳಿಸ್ಯಾರ. ಇವತ್ತು ಅವನ್ನ ಎದಿಯೊಳಗ ಬಿಡೋದಿತ್ತು. ಪೆಟ್ಟಿಗಿ ತೆರದ್ರ ಬರ್ಫ ಇಲ್ಲ! ಯಾರೋ ಟೇಪ್ ಬಿಚ್ಚಿ ಮತ್ತ ಹಚ್ಚ್ಯಾರ. ಜೀವಕೋಶದ ಚೀಲ ಬೆಚ್ಚಗಾಗೇದ. ಅದನ್ನ ನಾ ಹ್ಯಾಂಗ ಬಿಡ್ಲಿ?"

"ಮತ್ತೊಮ್ಮೆ ಮಜ್ಜಿ ತಗೀಲಿಕ್ಕೆ ಬರೂದಿಲ್ಲೇನು?"

"ಬರ್ತದ್ರಿ. ಅಂವ ಒಲ್ಲೆ ಅಂತಾನ. ಪೆಟ್ಟಿಗಿ ತಂದಾಂವ ಅವನ ತಮ್ಮ ಶಿವಪುತ್ರ. ಇದಿನ್ನೂ ಪ್ರಯೋಗ, ಗ್ಯಾರಂಟಿ ಇಲ್ಲ, ಬ್ಯಾಡ ಅಂತ ಮೊನ್ನೆ ಜಗಳಾ ಆಡಿದ್ದ. ಈಗ ಶಿವಸಂಗಪ್ಪ, ಸ್ವಂತ ತಮ್ಮ ಹಿಂಗ ಮಾಡಿದ್ರ ನನಗ ಈ ಎದಿ ಯಾಕ ಬೇಕು ಅಂತ ಗ್ವಾಡಿ ಕಡೆ ಮಾರಿ ಮಾಡಿ ಮಲಗ್ಯಾನ. ತಡಾ ಆದ್ರ ಚಿಕಿತ್ಸಿ ಉಪಯೋಗಿಲ್ರಿ."

"ಚೀಲ ಹರದದೇನು?"

"ಇಲ್ಲ. ಜತನಾಗಿ ನೆಟ್ಟಗ ನಿಲ್ಲಿಸಿಟ್ಟಾರ."

"ಟೇಪಿಗೆ ಏನರ ಹತ್ತೇದೇನು, ನೋಡು."

ಆ ಕಡೆ ಟೇಪು ಕೀಳುವ ಸದ್ದು ಬಂತು. "ಒಣಗಿದ ಬೇವಿನ ಎಲಿ ಚೂರು ಒಂದು ಅದರಿ."

"ಅದನ್ನ ಒಗೀಬ್ಯಾಡ. ಶಿವಪುತ್ರ ಎಲ್ಲೂ ಹೋಗದಂಗ ನೋಡ್ಕೋ. ಇವತ್ತ ಬರ್ತೇನಿ, ಮಾಡಿದವರು ಯಾರಂತ ತಿಳಕೊಂಡೇ ಬರ್ತೇನಿ."

ಶಿವಸಂಗಪ್ಪನ ಮನೆ ಎರಡು ಓಣಿಯಾಚೆ. ಕುಣಿಮಗ್ಗದಲ್ಲಿ ಅರ್ಧ ನೇಯ್ದ ಸೀರೆ ಹಾಗೇ ನಿಂತಿತ್ತು. ಅವನ ಹೆಂಡತಿ ಮುತ್ತವ್ವ ದವಾಖಾನೆಗೆ ಒಯ್ಯಲು ರೊಟ್ಟಿ ಕಟ್ಟುತ್ತಿದ್ದಳು.

"ಪೆಟ್ಟಿಗಿ ನಿಮ್ಮ ಮನಿಗೆ ಬಂದಿತ್ತೇನವಾ?"

"ಬಂದಿತ್ರಿ. ಬೆಂಗಳೂರ ಬಸ್ಸು ಇಲ್ಲೀತನಕ ಅಷ್ಟ ಬರ್ತದ. ಶಿವಪುತ್ರ ಇಳಿಸ್ಕೊಂಡು ತಂದು ಇಲ್ಲಿಟ್ಟು, ಜೀಪ್ ತರಾಕ ಹೋದ. ಬಂದು ಒಯ್ದ." ಅವಳ ದನಿ ಏರಿತು. "ಅಂವ ಅಂಥಾಂವಲ್ರಿ ಅಕ್ಕೋರ! ಮಾವಾರು ತೀರಿದಾಗ ಸೊಲ್ಲಾಪುರದಾಗ ಇದ್ದ. ಹೆಣಾ ಬರ್ಫದ ಮ್ಯಾಲ ಇಟ್ಕೊಂಡು ಅವನ ಹಾದಿ ನೋಡಿದ್ವಿ. ಕರಗಿದ ನೀರು ರಾತ್ರಿಯೆಲ್ಲಾ ನಾನ ಒರಿಸೇನಿ. ಅಪ್ಪನ ಮಾರಿ ನೋಡಾಕ ಓಡಿ ಬಂದಾಂವ ಅಣ್ಣಗ ಕೆಟ್ಟ ಬಯಸ್ತಾನೇನ್ರಿ?"

ನನಗೆ ಬಾಯಾರಿತ್ತು. ಮುತ್ತವ್ವ ಹಿತ್ತಾಳೆ ಕೊಡದಿಂದ ನೀರು ಕೊಟ್ಟಳು. ಕೊಡದ ಮೈಯೆಲ್ಲ ಬೆವರಿತ್ತು. ಬಾಯಿಯವರು ಅದನ್ನೊಮ್ಮೆ, ಕೋಣೆಯ ಮೂಲೆಯಲ್ಲಿ ಮಡಿಚಿಟ್ಟಿದ್ದ, ಹಳೆ ಸೀರೆಗಳ ತುಂಡು ಸೇರಿಸಿ ಹೊಲಿದ ದಪ್ಪ ಕೌದಿಯನ್ನೊಮ್ಮೆ ನೋಡಿ, "ನಡೀರಿ ಮಾಸ್ತರ" ಎಂದರು. ಮುತ್ತವ್ವನನ್ನೂ ಜೊತೆಗೆ ಹೊರಡಿಸಿದರು. ಮೂವರಿಗೆ ಸ್ಕೂಟರು ಸಾಲದೆ ಬಸ್ಸು ಹಿಡಿದೆವು.

ಹುನಗುಂದ ದಾಟುವಾಗ ಬಸ್ಸಿನಲ್ಲಿ ಮೆಲ್ಲಗೆ ಕೇಳಿದರು: "ನೀರು ಹ್ಯಾಂಗಿತ್ರಿ?"

"ಹಲ್ಲು ಜುಮ್ಮಂದವು."

"ಕಟ್ಟಿಸಿದ ಹಲ್ಲೂ ಜುಮ್ಮಂತಾವೇನು?"

"ಉಳಿದ ಮೂರು ಜುಮ್ಮಂದವು" ಎಂದೆ. ಅವರು ನಗಲಿಲ್ಲ.

ದವಾಖಾನೆಯಲ್ಲಿ ಶಿವಸಂಗಪ್ಪ ಗೋಡೆಯ ಕಡೆ ಮುಖ ಮಾಡಿಯೇ ಇದ್ದ. ಶಿವಪುತ್ರ ಕಿಟಕಿಯ ಹತ್ತಿರ ತಲೆ ತಗ್ಗಿಸಿ ನಿಂತಿದ್ದ. ಪ್ರಭು ಬಾಗಿಲು ಮುಚ್ಚಿದ.

"ಶಿವಸಂಗಪ್ಪ, ಈ ಕಡೆ ಹೊಳ್ಳದಿದ್ರೂ ನಡೀತದ, ಕೇಳು" ಎಂದು ಬಾಯಿಯವರು ಆರಂಭಿಸಿದರು. "ಕೆಡಸಬೇಕು ಅನ್ನಾಂವ ಚೀಲಕ್ಕ ಸೂಜಿ ಚುಚ್ಚತಿದ್ದ, ಇಲ್ಲಾ ಹಾದ್ಯಾಗ ಒಗೀತಿದ್ದ. ಇಲ್ಲಿ ಚೀಲ ಜತನಾಗಿ ಉಳದದ. ಹೋಗಿದ್ದು ಬರ್ಫ ಒಂದ. ಅಂದಮ್ಯಾಲ ಇದು ದ್ವೇಷದ ಕೆಲಸ ಅಲ್ಲ. ಆ ಬರ್ಫ ಎಲ್ಲಿ ಹೋತು? ಫ್ರಿಜ್ ಇಲ್ಲದ ಮನ್ಯಾಗ, ಇಂಥಾ ಬ್ಯಾಸಗ್ಯಾಗ ಹಿತ್ತಾಳಿ ಕೊಡ ಬೆವರಿತ್ತು. ಕದ್ದು ಒಗೀವರು ಕುಡಿಯೋ ನೀರಾಗ ಹಾಕೂದಿಲ್ಲ. ಯಾವುದನ್ನೂ ದಂಡ ಮಾಡದ ಅಡಗಿಮನಿ ಕೈ ಅದು. ಶಿವಪುತ್ರ ಆಗ ಜೀಪ್ ತರಾಕ ಹೋಗಿದ್ದ."

ಶಿವಪುತ್ರ ತಲೆಯೆತ್ತಿದ.

"ಇನ್ನ ಬೇವಿನ ಎಲಿ. ಕೌದಿಗೆ ಹುಳಾ ಹತ್ತಬಾರದಂತ ಮಡಿಕ್ಯಾಗ ಬೇವಿನ ಎಲಿ ಇಟ್ಟು ಟ್ರಂಕಿನಾಗ ಇಡ್ತೀವಿ. ವೈಶಾಖದಾಗ ಕೌದಿ ಯಾರು ಹೊರಗ ತಗೀತಾರ? ಮನುಷ್ಯಾಗ ಹೊಚ್ಚಲಿಕ್ಕಲ್ಲ. ಪೆಟ್ಟಿಗಿಗೆ ಹೊಚ್ಚಲಿಕ್ಕೆ. ಯಾಕ ಅನ್ನೂದನ್ನ ಮುತ್ತವ್ವ ತಾನ ಹೇಳಿದಳು, ಮಾವನ ಹೆಣದ ಮಾತು ತಗದಾಗ."

ರೊಟ್ಟಿಯ ಗಂಟು ಮುತ್ತವ್ವನ ಕೈಯಿಂದ ಜಾರಿತು.

"ನಾನ ತಗದೇನ್ರಿ" ಎಂದಳು. "ಅದರಾಗ ಇವರ ಜೀವ ಐತಿ ಅಂತ ಡಾಕ್ಟರ್ ಹೇಳಿದ್ರು. ಮುಟ್ಟಿ ನೋಡಿದ್ರ ಪೆಟ್ಟಿಗಿ ತಣ್ಣಗ. ತೆರದ್ರ ಸುತ್ತೆಲ್ಲಾ ಬರ್ಫ. ಬರ್ಫ ಇಡೋದು ಹೆಣಕ್ಕಲ್ರಿ? ಜೀವಂತ ಇದ್ದವರಿಗೆ ಯಾರಿಡ್ತಾರ? ಬೆಚ್ಚಗಿರ್ಲಿ ಅಂತ ನಮ್ಮ ಮದುವಿ ಕೌದಿ ಸುತ್ತಿದೆ. ಜೀಪ್ ಸಪ್ಪಳಾದ ಕೂಡಲೆ ಬಿಚ್ಚಿ ಕೊಟ್ಟೆ. ಕೆಟ್ಟೋತು ಅಂತ ಫೋನ್ ಬಂದಾಗ ಬಾಯಿ ಬರಲಿಲ್ರಿ. ಶಿವಪುತ್ರಾ, ತಪ್ಪು ನಿನ್ನ ಮ್ಯಾಲ ಬಂದ್ರೂ ಸುಮ್ಮ ಕುಂತೆ."

"ವೈನಿ, ನನಗೊಂದು ಮಾತು ಕೇಳಬಾರದಿತ್ತ?" ಎಂದ ಶಿವಪುತ್ರ. ಅವನಿಗೆ ಸಿಟ್ಟೂ ಇತ್ತು, ಅಳುವೂ ಇತ್ತು.

"ತಪ್ಪು ನಂದೂ ಅದ" ಎಂದ ಪ್ರಭು. "ಜೀವ ಅಂತ ಹೇಳಿದೆ. ಅದು ತಣ್ಣಗಿದ್ರ ಮಾತ್ರ ಉಳೀತದ ಅಂತ ಹೇಳಲಿಲ್ಲ."

ಮಂಚ ಕಿರುಗುಟ್ಟಿತು. ಶಿವಸಂಗಪ್ಪ ಈ ಕಡೆ ಹೊರಳಿದ್ದ. ತಮ್ಮನ ಕಡೆ ಕೈ ಚಾಚಿದ.

"ಬಾರಲೇ ಇಲ್ಲಿ" ಎಂದು ಅವನ ಕೈ ಹಿಡಿದುಕೊಂಡ. ಆಮೇಲೆ ಹೆಂಡತಿಗೆ, "ಹುಚ್ಚಿ, ಈ ಬಿಸಲಾಗ ಕೌದಿ ಹೊಚ್ಚಿ ಕೊಲ್ಲಾಕ ಹೊಂಟಿದ್ಯಲ್ಲ" ಎಂದ. ಕೊನೆಗೆ ಡಾಕ್ಟರಿಗೆ: "ಚುಚ್ರಿ ಇನ್ನೊಮ್ಮೆ. ಇಷ್ಟು ಮಂದಿ ನನ್ನ ಬದುಕಸಾಕ ಹೊಂಟಾಗ ನಾನೊಬ್ಬ ಯಾಕ ಅಡ್ಡ ಬರ್ಲಿ? ಪೆಟ್ಟಿಗಿ ಮಾತ್ರ ನನ್ನ ತಮ್ಮನೇ ತರಬೇಕು."

ಎರಡನೆಯ ಪೆಟ್ಟಿಗೆ ಬಂದ ಬೆಳಿಗ್ಗೆ ನಾವೂ ಬಸ್ ನಿಲ್ದಾಣಕ್ಕೆ ಹೋಗಿದ್ದೆವು. ಶಿವಪುತ್ರ ಅದನ್ನು ಇಳಿಸಿಕೊಂಡು, ಜೀಪಿನಲ್ಲಿ ಕೂತಿದ್ದ ಮುತ್ತವ್ವನ ತೊಡೆಯ ಮೇಲಿಟ್ಟ. ಅವಳು ಎರಡೂ ಅಂಗೈ ಊರಿ ಮುಚ್ಚಳ ಹಿಡಿದಳು.

"ಸೆರಗರ ಅಡ್ಡ ಇಟ್ಕೋ ವೈನಿ, ಕೈ ಜುಮ್ಮಂತಾವ" ಎಂದ ಶಿವಪುತ್ರ.

"ಅನ್ಲಿ ಬಿಡು" ಎಂದಳು ಮುತ್ತವ್ವ. "ತಣ್ಣಗೈತಿ ಅಂತ ನನಗ ಗೊತ್ತಾಗ್ತಿರಬೇಕು. ನೀ ಗಾಡಿ ಬಿಡಸು."