ನಿಂತ ಕಾರಿಗೆ ಬಿದ್ದ ಬಿರುಕು

ಬೆಳಿಗ್ಗೆ ಕಡಬದ ಮನೆಯಂಗಳದಲ್ಲಿ ಡ್ರೈವರ್ ಕಾಂತೇಶ್ ಹಳೆಯ ಅಂಬಾಸಿಡರ್ ಸ್ಟಾರ್ಟ್ ಮಾಡಿದಾಗ ಎಂಜಿನ್ನು ಪಟಪಟನೆ ಬಡಿದುಕೊಂಡಿತು. ಬಾನೆಟ್ ಎತ್ತಿದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್— ಎಂಜಿನ್ನಿನ ಬಿಸಿ ಹೊಗೆಯನ್ನು ಸೈಲೆನ್ಸರಿಗೆ ದಾಟಿಸುವ ಎರಕದ ಕಬ್ಬಿಣದ ಕೊಳವೆ— ಸೀಳಿತ್ತು.

ಹಿಂದಿನ ದಿನವಷ್ಟೇ ಅದನ್ನು ಬಿಚ್ಚಿ, ಗ್ಯಾಸ್ಕೆಟ್ ಬದಲಿಸಿ, ಮತ್ತೆ ಕೂರಿಸಿದವನು ಗುಬ್ಬಿಯ ಮೆಕ್ಯಾನಿಕ್ ಸಂಗಮೇಶ್. ಅವನಿಗೆ ಕರೆ ಹೋಯಿತು.

ಕಾರಿನ ಒಡೆಯ, ಕೊಬ್ಬರಿ ಮಂಡಿಯ ರೇಣುಕಾಪ್ರಸಾದ್ ಕೂಗಾಡಲಿಲ್ಲ. ಬೋಲ್ಟು ಅತಿಯಾಗಿ ಬಿಗಿದು ಒಡೆದಿದ್ದೀಯ, ಇನ್ನು ಮಂಡಿಯ ಗಾಡಿಗಳು ನಿನ್ನ ಶೆಡ್ಡಿಗೆ ಬರುವುದಿಲ್ಲ ಎಂದಷ್ಟೇ ಹೇಳಿದರು. ಮಂಡಿಯವರು ಬಿಟ್ಟ ಶೆಡ್ಡಿಗೆ ಗುಬ್ಬಿಯಲ್ಲಿ ಬೇರೆ ಯಾರೂ ಕಾಲಿಡುವುದಿಲ್ಲ. ಅದು ಸಂಗಮೇಶನಿಗೆ ಗೊತ್ತಿತ್ತು.

"ಮಾಲಿನಿ ಬರ್ತಾಳೆ. ಅವಳೇ ನೋಡಿ ಹೇಳ್ಲಿ," ಎಂದರು ರೇಣುಕಾಪ್ರಸಾದ್.

ಮಾಲಿನಿ ಅವರ ತಂಗಿ, ತುಮಕೂರಿನಲ್ಲಿ ವಿಮಾ ಸರ್ವೇಯರ್. ಜಖಂಗೊಂಡ ವಾಹನ ನೋಡಿ ಕಾರಣ ಬರೆಯುವುದೇ ಅವರ ಕೆಲಸ. ಅಣ್ಣನ ಅಂಗಳ, ತಂಗಿಯ ತೀರ್ಪು— ಸಂಗಮೇಶ್ ಆಸೆ ಬಿಟ್ಟ.

ಮಾಲಿನಿ ಬಂದವರೇ ಅಣ್ಣನ ಮಾತಿಗೂ ಕಾಯದೆ ಟಾರ್ಚ್ ಹಿಡಿದು ಎಂಜಿನ್ನಿನ ಮೇಲೆ ಬಗ್ಗಿದರು. ತಾಯಿ ಸರ್ವಮಂಗಳಮ್ಮ ತಂದಿಟ್ಟ ಕಾಫಿ ಆರಿಹೋಯಿತು.

"ನಿನ್ನೆ ಗಾಡಿ ಎಲ್ಲೆಲ್ಲಿಗೆ ಹೋಗಿತ್ತು, ಕಾಂತೇಶ?"

"ಶೆಡ್ಡಿಂದ ಸೀದಾ ಕುಣಿಗಲ್‌ಗೆ ಅಕ್ಕಾ. ಸಂಜೆ ತುಮಕೂರ್ ಮೇಲೆ ವಾಪಸ್."

"ಎಲ್ಲಾದ್ರೂ ತಗುಲ್ತಾ? ಹಂಪು?"

"ಬಳೆ ಮಲಾರ ತಂದಂಗೆ ಹುಷಾರಾಗಿ ತಂದಿವ್ನಿ."

"ಸದ್ದು?"

"ಎಲ್ಲಿ ಬಂತು? ಎಂಜಿನ್ ಓಡ್ತೈತೋ ಇಲ್ವೋ ಅನ್ನಂಗಿತ್ತು. ಬಂದ್ವಿ, ಪೂಜೆ ಆಯ್ತು, ಬೀಗ ಹಾಕ್ದೆ. ಅಷ್ಟೇ."

ರೇಣುಕಾಪ್ರಸಾದ್ ನಡುವೆ ಬಂದರು. "ಬಿಗಿದದ್ದು ನಿಧಾನಕ್ಕೆ ಬಿರಿದಿದೆ. ಇದರಲ್ಲಿ ಪತ್ತೆ ಮಾಡೋದೇನಿದೆ?"

ಮಾಲಿನಿ ಸಂಗಮೇಶನ ಕಡೆ ತಿರುಗಿದರು. "ಅತಿಯಾಗಿ ಬಿಗಿದ್ರೆ ಎಲ್ಲಿಂದ ಸೀಳುತ್ತೆ?"

"ಬೋಲ್ಟಿನ ತೂತಿಂದ, ಮೇಡಂ."

"ತೂತುಗಳ ಹತ್ತಿರ ಒಂದು ಗೆರೆಯೂ ಇಲ್ಲ. ಬಿರುಕು ಇರೋದು ನಡುಬೆನ್ನಲ್ಲಿ. ರಸ್ತೇಲಿ ಸೀಳಿದ್ರೆ ನಿನ್ನೇನೇ ಸದ್ದು ಬರ್ತಿತ್ತು. ಅಂದ್ರೆ ಇದು ಒಡೆದದ್ದು ಗಾಡಿ ನಿಂತ ಮೇಲೆ."

"ನಿಂತ ಗಾಡಿ ತಾನಾಗೇ ಒಡೆಯುತ್ತಾ?" ಅಣ್ಣ ಕೇಳಿದರು.

"ಅದನ್ನೇ ಕೇಳ್ತಿದೀನಿ." ಮಾಲಿನಿ ಮತ್ತೆ ಡ್ರೈವರನನ್ನು ನೋಡಿದರು. "ಪೂಜೆ ಆಯ್ತು ಅಂದ್ಯಲ್ಲ— ಬಾನೆಟ್ ಮುಚ್ಚಿತ್ತಾ, ತೆಗೆದಿತ್ತಾ?"

ಕಾಂತೇಶ್ ಅಡುಗೆಮನೆಯ ಬಾಗಿಲ ಕಡೆ ಕಣ್ಣು ಹಾಯಿಸಿದ. "ತೆಗ್ದಿದ್ದೆ."

ರಿಪೇರಿಯಿಂದ ಬಂದ ಗಾಡಿ ಪೂಜೆಯಾಗದೆ ಆ ಮನೆಯ ಕೊಟ್ಟಿಗೆ ಸೇರುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿದ್ದ ವಾಡಿಕೆ. ಆದ್ದರಿಂದಲೇ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಮಾಲಿನಿ ಬಿರುಕಿನ ಪಕ್ಕದ ಬಿಳಿ ಕಲೆಯನ್ನು ಉಜ್ಜಿ ಬೆರಳು ಚಾಚಿದರು. "ವಿಭೂತಿ. ನೀರಲ್ಲಿ ಕಲೆಸಿ ಸುರಿದದ್ದು, ಬೆಂದು ಅಂಟಿಕೊಂಡಿದೆ. ಬೇರೆ ಸಲ ಹೆಡ್‌ಲೈಟಿಗೆ ಹಚ್ಚಿ ಮುಗಿಸ್ತಿದ್ರು. ಈ ಸಲ ರಿಪೇರಿ ಆದದ್ದು ಒಳಗೆ, ಪೂಜೆಯೂ ಒಳಗೇ ಆಯ್ತು. ಕುಣಿಗಲ್‌ನಿಂದ ಓಡಿ ಬಂದ ಎರಕ ದೋಸೆ ಹೆಂಚಿಗಿಂತ ಕಾದಿರುತ್ತೆ. ತಣ್ಣೀರು ಬಿದ್ರೆ ತಡೆಯುತ್ತಾ?" ಟಾರ್ಚ್ ಆರಿಸಿದರು. "ಒಡೆದದ್ದು ಅಮ್ಮ."

ಹಳೇ ಗಾಡಿ, ಹಳೇ ಕಬ್ಬಿಣ ಅಂದುಬಿಟ್ಟಿದ್ದರೆ ಮನೆಯವರ ಮಾನ ಉಳಿಯುತ್ತಿತ್ತು. ಈಕೆ ಹಾಗನ್ನಲಿಲ್ಲ. ಸಂಗಮೇಶ್ ಮಾಲಿನಿಯ ವಿಭೂತಿ ಮೆತ್ತಿದ ಬೆರಳನ್ನೇ ನೋಡುತ್ತ ನಿಂತ.

ಸರ್ವಮಂಗಳಮ್ಮ ಸೆರಗಿಗೆ ಕೈ ಒರೆಸುತ್ತ ಮೆಟ್ಟಿಲಿಳಿದು ಬಂದರು.

"ಒಂದು ಚೊಂಬು ಸುರಿದೆ ಕಣಪ್ಪ, ನೀನು ಕೈಯಿಟ್ಟ ಜಾಗಕ್ಕೇ. ನಿನ್ನ ಕೆಲಸ ಬಾಳಿಕೆ ಬರ್ಲಿ ಅಂತ." ಮಗನ ಕಡೆ ತಿರುಗಿದರು. "ಪ್ರಸಾದು, ಅವನಿಗೆ ಹೇಳೋದಿದೆ. ಹೇಳು."

ರೇಣುಕಾಪ್ರಸಾದ್ ಎಲ್ಲರ ಎದುರೇ ತಪ್ಪಾಯಿತೆಂದರು.

ಬೇರೆ ಮ್ಯಾನಿಫೋಲ್ಡ್ ಹಾಕಿದವನೂ ಸಂಗಮೇಶನೇ. ಗಾಡಿ ತಾನೇ ತಂದು ನಿಲ್ಲಿಸಿದಾಗ ಸರ್ವಮಂಗಳಮ್ಮ ಚೊಂಬು ಹಿಡಿದು ಬಂದರು. ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿ, ಚೊಂಬನ್ನು ಪಕ್ಕಕ್ಕಿಟ್ಟು, ಜಗಲಿಯ ಮೇಲೆ ಕೂತರು.

"ಆರ್ಲಿ. ದೇವರಿಗೇನು ಅವಸರ?"