ಹದಿನೇಳನೇ ಟ್ಯೂಬಿನ ಮನುಷ್ಯ

ಕಾರಿನ ಪಕ್ಕದ ಕನ್ನಡಿ ಫಳಾರನೆ ಒಡೆಯಿತು!

ತಲೆ ತಗ್ಗಿಸಿದೆ. ಎರಡನೇ ಗುಂಡು ಟೈರಿನ ಪಕ್ಕ ಕಿಡಿ ಹಾರಿಸಿತು. ಹಾಡುಹಗಲು, ಜನ ಕಿಕ್ಕಿರಿದ ರಸ್ತೆ... ಆದರೂ ಹೊಡೆಯುತ್ತಿದ್ದಾನೆಂದರೆ ಆಸಾಮಿ ತೀರ್ಮಾನ ಮಾಡಿಯೇ ಬಂದಿದ್ದಾನೆ.

ನನ್ನದು ಪತ್ತೇದಾರನ ಕೆಲಸ ಸ್ವಾಮಿ. ಮೂರು ಸಲ ಚಾಕು ತಿಂದಿದ್ದೇನೆ. ಆದರೂ ಅವತ್ತಿನಷ್ಟು ಹೆದರಿದ್ದಿಲ್ಲ. ಹಿಂದಿನ ಸೀಟಿನಲ್ಲಿ ನನ್ನಕ್ಕ ಇದ್ದಳು. ಲ್ಯಾಬ್ ಟೆಕ್ನಿಷಿಯನ್. ತೊಡೆಯ ಮೇಲೆ ಐಸ್ ಬಾಕ್ಸ್.

"ನೆಟ್ಟಗೆ ಓಡ್ಸೋ ಕತ್ತೆ! ಐಸ್ ಚೆಲ್ತಿದೆ!"

"ಗುಂಡು ಹಾರ್ತಿದೆ, ನಿಂಗೆ ಐಸ್ ಚಿಂತೆ! ಏನಕ್ಕಾ ಅದರಲ್ಲಿ?"

"ರಕ್ತ. ಹದಿನೇಳನೇ ನಂಬರಿನ ಟ್ಯೂಬು. ಲ್ಯಾಬಿಂದ ಎತ್ಕೊಂಡ್ ಬಂದೆ."

"ಯಾರದು?"

ಅಕ್ಕ ಬಾಯಿ ಬಿಡಲಿಲ್ಲ. ಮೂರು ಮನೆಗೆ ಕೇಳುವಂತೆ ಮಾತಾಡುವವಳು!

ಎಡಕ್ಕೆ ತಿರುಗಿಸಿದೆ. ಬಲಕ್ಕೆ. ಗುಂಡು ಹೊಡೆಯುತ್ತಿದ್ದ ಬಿಳಿ ಕಾರು ಬಾಲದ ಹಾಗೆ ಅಂಟಿಕೊಂಡೇ ಬಂತು.

"ಅವರು ಔಷಧಿ ಕಂಪನಿಯೋರು ಕಣೋ. ಕೈಕಾಲು ನಡುಗಿ ನಡುಗಿ ಸಾಯೋ ಒಂದು ರೋಗ ಇದೆ. ಒಂದು ಜೀನ್ ಕೆಟ್ಟಿದ್ರೆ ಬರುತ್ತೆ. ಹದಿನೇಳನೇ ಮನುಷ್ಯನಿಗೆ ಆ ಜೀನ್ ಕೆಟ್ಟಿದೆ, ವಯಸ್ಸೂ ಆಗಿದೆ... ಆದರೆ ರೋಗ ಬಂದಿಲ್ಲ!"

"ಪುಣ್ಯವಂತ."

"ಪುಣ್ಯ ಅಲ್ವೋ! ಅವನ ಮೈಯಲ್ಲಿ ಇನ್ಯಾವುದೋ ಜೀನ್ ಅದನ್ನ ತಡೀತಿರಬೇಕು. ಅದು ಸಿಕ್ರೆ ಔಷಧಿ ಸಿಕ್ಕ ಹಾಗೆ. ಒಂದು ಟ್ಯೂಬ್ ರಕ್ತ ಸಾಲದು, ಅದಕ್ಕೇ ಅವರಿಗೆ ಮನುಷ್ಯನೇ ಬೇಕು. ಹೋದ ವರ್ಷ ಇಂಥೋನೊಬ್ಬ ಸಿಕ್ಕಿದ್ದ. ಈಗ ಎಲ್ಲಿದ್ದಾನೆ ಅಂತ ಹೆಂಡತಿಗೂ ಗೊತ್ತಿಲ್ಲ. ಟ್ಯೂಬ್ ಮೇಲೆ ಬರೀ ನಂಬರು, ವಯಸ್ಸು. ಹೆಸರು ಇರೋದು ನನ್ನ ತಲೇಲಿ ಮಾತ್ರ."

ಎದುರಿಗೆ ಗೋಡೆ!

ಬ್ರೇಕ್ ತುಳಿದೆ. ಯಾವುದೋ ಗೋಡೌನಿನ ಹಿತ್ತಲು. ದಾರಿ ಅಲ್ಲಿಗೆ ಮುಗಿಯಿತು.

ಬಿಳಿ ಕಾರಿನಿಂದ ಇಳಿದವನಿಗೆ ಕುತ್ತಿಗೆಯೇ ಇರಲಿಲ್ಲ. ಗೂಳಿ! ನನ್ನನ್ನು ಕಾಲರ್ ಹಿಡಿದು ಹೊರಗೆಳೆದ. ಕಿವಿಯ ಹಿಂದೆ ತಣ್ಣಗೆ ಪಿಸ್ತೂಲು.

"ಹೆಸರು ಹೇಳಿ ಮೇಡಂ. ಮೂರು ಎಣಿಸ್ತೀನಿ. ಆಮೇಲೆ ನಿಮಗೆ ತಮ್ಮ ಇರಲ್ಲ. ಒಂದು..."

ಅಕ್ಕ ಐಸ್ ಬಾಕ್ಸನ್ನು ಎದೆಗವಚಿಕೊಂಡು ಕಾರಿನಿಂದ ಇಳಿದಳು.

"ಎರಡು..."

"ಹೊಡಿ!" ಅಂದಳು ಅಕ್ಕ.

ಒಡಹುಟ್ಟಿದವಳು ಸ್ವಾಮಿ!

"ಹೊಡಿಯಪ್ಪಾ. ಆಮೇಲೆ ನಿಮ್ಮ ಸಾಹೇಬ್ರಿಗೆ ನೀನೇ ಹೇಳ್ಕೋ... ಹುಡುಕ್ತಿದ್ದ ಮನುಷ್ಯನ್ನ ಕೈಯಾರೆ ಕೊಂದು ಬಂದೆ ಅಂತ."

ಪಿಸ್ತೂಲು ಕಿವಿಯಿಂದ ಒಂದು ಗೇಣು ಸರಿಯಿತು. ನನಗೂ ಅರ್ಥವಾಗಲು ಅಷ್ಟೇ ಹೊತ್ತು ಹಿಡಿಯಿತು.

ಹದಿನೇಳು... ನಾನು!

ಅಂದರೆ ಇವನಿನ್ನು ನನ್ನನ್ನು ಕೊಲ್ಲುವ ಹಾಗಿಲ್ಲ. ಅಕ್ಕನ ಕೈಯಿಂದ ಐಸ್ ಬಾಕ್ಸ್ ಕಸಿದು ಅವನ ಮುಖಕ್ಕೆ ಬೀಸಿದೆ. ಮತ್ತೊಮ್ಮೆ! ಗೂಳಿ ಬುಡ ಕಡಿದ ಮರದಂತೆ ಉರುಳಿದ. ಪಿಸ್ತೂಲನ್ನು ಚರಂಡಿಗೆ ಒದ್ದೆ. ಚೆಲ್ಲಿದ ಐಸಿನ ನಡುವೆ ಇದ್ದ ಟ್ಯೂಬನ್ನು ಬೂಟಿನಡಿ ಅರೆದೆ. ಅಕ್ಕನನ್ನು ಕಾರಿಗೆ ತಳ್ಳಿದೆ.

"ನನ್ನ ರಕ್ತ ಅಲ್ಲಿಗೆ ಹೇಗೆ ಬಂತು?"

"ರೋಗಿಗಳ ರಕ್ತದ ಜೊತೆ ಹೋಲಿಸೋಕೆ ಗಟ್ಟಿಮುಟ್ಟಾದೋರ ರಕ್ತಾನೂ ಬೇಕು. ಕಮ್ಮಿ ಬಿದ್ರೆ ನಾವು ಲ್ಯಾಬಿನೋರು ನಮ್ಮ ಕೈನೇ ಚಾಚ್ತೀವಿ, ಇಲ್ಲಾ ಮನೆಯೋರನ್ನ ಹಿಡೀತೀವಿ. ಶುಗರ್ ಟೆಸ್ಟ್ ಅಂತ ನಿನ್ನ ಹತ್ರ ತಗೊಂಡಿದ್ನಲ್ಲ..."

"ಅಪ್ಪ ನಡುಗಿ ನಡುಗಿಯೇ ಸತ್ತಿದ್ದು. ನಿಂಗೆ ಹೊಳೀಲಿಲ್ವಾ?"

"ಕುಡಿತದ ನಡುಕ ಅಂದ್ಕೊಂಡಿದ್ವಲ್ಲೋ! ನೀನೂ, ನಾನೂ, ಅಮ್ಮನೂ... ಪಾಪ, ಎಷ್ಟು ಬೈದ್ವಿ!"

ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ನಿಂಗೆ?"

"ನಂಗಿಲ್ಲ. ನೋಡ್ಕೊಂಡೆ."

"ನಂಗೆ ಬರಲ್ಲ ತಾನೆ?"

"ಅಪ್ಪಂಗೆ ನಲವತ್ತಕ್ಕೇ ಬಂತು. ನಿಂಗೀಗ ಐವತ್ತೊಂದು. ಏನೋ ತಡೀತಿದೆ... ಇಲ್ಲಾಂದ್ರೆ..."

"ಇಲ್ಲಾಂದ್ರೆ?"

"ಬರೋದು ತಡ ಆಗಿದೆ, ಅಷ್ಟೇ."

ರಿವರ್ಸ್ ಗೇರ್ ಹಾಕಲು ಹೋದೆ. ಬೆರಳುಗಳು ನಿಲ್ಲಲೊಲ್ಲವು. ಅಕ್ಕ ನೋಡಿದಳು. ನಾನೂ ನೋಡಿದೆ.

ಹೆದರಿದ್ದು ಯಾರಿಗೂ ಕಾಣದಂತೆ ಬಾಳಿದವನು ನಾನು ಸ್ವಾಮಿ... ಅವತ್ತು ಮಾತ್ರ, ಇದು ಬರೀ ಪುಕ್ಕಲುತನವಾಗಿರಲಪ್ಪಾ ಅಂತ ಬೇಡಿಕೊಂಡೆ!